ವಾಲಿದ ಕಾಲಿನ ಲೆಕ್ಕ: ಆರು ಸ್ಟೂಲು, ಹಾಳಾದ ಒಂದು ಹಲಸಿನ ಸೀಟು

ಮಲೆನಾಡಿನ ಒಂದು ತಾಲ್ಲೂಕು ಪಟ್ಟಣದ ಚಿಕ್ಕ ಮರಗೆಲಸದ ಅಂಗಡಿಯಲ್ಲಿ ನಡೆದದ್ದು ಇದು. ಊರಿನ ಹೆಸರು, ಅಂಗಡಿಯ ಹೆಸರು ಬೇಡ. ಅಂಗಡಿಯವರನ್ನು ಆಚಾರ್ರು ಅಂತಲೇ ಕರೆಯುತ್ತೇನೆ. ಅವರ ಹತ್ತಿರ ಕೆಲಸ ಕಲಿಯುತ್ತಿರುವವನು ಬರೀ ಹುಡುಗ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು. ಸಂಜೆ ಹೋಗಿ ಕೂರುತ್ತೇನೆ, ಬಿಲ್ಲು ಬರೆದುಕೊಡುತ್ತೇನೆ, ಮರದ ಘನ ಅಡಿ ಲೆಕ್ಕ ಹಾಕಿಕೊಡುತ್ತೇನೆ. ಈ ಪ್ರಕರಣದ ಮೊದಲ ತಪ್ಪಿಗೆ ತಲೆಯಾಡಿಸಿದವನು ನಾನೇ. ಹಾಗಾಗಿ ಬರೆಯುವ ಕೆಲಸವೂ ನನ್ನ ಪಾಲಿಗೇ ಬಂತು.

ಆರ್ಡರ್

ಒಂದು ಕಾಫಿ ಅಂಗಡಿಯವರಿಗೆ ಆರು ಸ್ಟೂಲು ಬೇಕಿತ್ತು. ಮೊಬೈಲಿನಲ್ಲಿ ಎರಡು ಫೋಟೋ ಕಳಿಸಿದ್ದರು. ಒಂದು ಎದುರಿನಿಂದ ತೆಗೆದದ್ದು, ಇನ್ನೊಂದು ಪಕ್ಕದಿಂದ. ಉದ್ದನೆಯ ಸೀಟು, ಕೆಳಗೆ ನಾಲ್ಕು ಕಾಲು. ಕಾಲುಗಳು ನೆಟ್ಟಗಿಲ್ಲ, ಹೊರಗೆ ವಾಲಿವೆ. ಎದುರಿನಿಂದ ನೋಡಿದರೂ ವಾಲಿವೆ, ಪಕ್ಕದಿಂದ ನೋಡಿದರೂ ವಾಲಿವೆ. ಕಾಲಿನ ಮೇಲ್ತುದಿ ಸೀಟಿನಲ್ಲಿ ತೂರಿ ಮೇಲೆ ಕಾಣುತ್ತದೆ, ಅಲ್ಲಿ ಬೆಣೆ ಹೊಡೆದಿದ್ದಾರೆ.

ನಾವು ಹಿಡಿದ ಅಳತೆ ಹೀಗಿತ್ತು. ಹಲಸಿನ ಸೀಟು, 18 ಇಂಚು ಉದ್ದ, 10 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಸೀಟಿನ ಕೆಳಮೈಯಿಂದ ನೆಲಕ್ಕೆ 16 ಇಂಚು. ಕೆಳಮೈಯಲ್ಲಿ ತೂತಿನಿಂದ ತೂತಿಗೆ ಉದ್ದಕ್ಕೆ 12 ಇಂಚು, ಅಡ್ಡಕ್ಕೆ 6 ಇಂಚು. ಕಾಲು ತೇಗದ್ದು.

ಕೋನಮಾಪಕವನ್ನು ಮೊಬೈಲಿನ ಮೇಲಿಟ್ಟು ಹುಡುಗ ಅಳೆದ. ಎದುರಿನ ಫೋಟೋದಲ್ಲಿ ಕಾಲು 14 ಡಿಗ್ರಿ ವಾಲಿತ್ತು. ಪಕ್ಕದ ಫೋಟೋದಲ್ಲಿ ಹತ್ತೂವರೆ ಡಿಗ್ರಿ. ಇಷ್ಟರವರೆಗೆ ಎಲ್ಲ ಸರಿ.

ತೊಡಕು ಶುರುವಾಗಿದ್ದು ಪಿಲ್ಲರ್ ಡ್ರಿಲ್ ಹತ್ತಿರ, ಅಂದರೆ ಕಂಬಕ್ಕೆ ಕೂರಿಸಿದ, ನೆಟ್ಟಗೆ ಕೆಳಗೆ ಕೊರೆಯುವ ಯಂತ್ರದ ಹತ್ತಿರ. ಅದರ ಮೇಜು ಎಡಕ್ಕೂ ಬಲಕ್ಕೂ ಮಾತ್ರ ವಾಲುತ್ತದೆ, ಒಂದು ಸಲಕ್ಕೆ ಒಂದೇ ಕೋನ. ನಮ್ಮ ಕೈಯಲ್ಲಿ ಇದ್ದದ್ದು ಎರಡು ಕೋನ. ಮೇಜನ್ನು ಎಷ್ಟು ವಾಲಿಸಬೇಕು? ಸೀಟನ್ನು ಯಾವ ಕಡೆಗೆ ತಿರುಗಿಸಿ ಇಡಬೇಕು? ಇಡೀ ಪ್ರಕರಣ ಈ ಎರಡು ಪ್ರಶ್ನೆಯ ಸುತ್ತಲೇ ತಿರುಗುತ್ತದೆ. ನಾವು ಮೊದಲನೆಯದನ್ನು ಮಾತ್ರ ಕೇಳಿಕೊಂಡೆವು. ಎರಡನೆಯದೂ ಒಂದು ಪ್ರಶ್ನೆ ಅಂತ ಯಾರಿಗೂ ಹೊಳೆಯಲಿಲ್ಲ.

ಮೊದಲ ಮಾದರಿ

"ಹದಿನಾಲ್ಕು, ಹತ್ತೂವರೆ, ಒಟ್ಟು ಇಪ್ಪತ್ನಾಲ್ಕೂವರೆ. ಅಲ್ವಾ ಸಾರ್?" ಅಂದ ಹುಡುಗ. ನಾನು ಬಿಲ್ಲು ಬರೆಯುತ್ತಿದ್ದೆ. ತಲೆ ಎತ್ತದೆ "ಹ್ಞೂಂ" ಅಂದುಬಿಟ್ಟೆ. ಮೂವತ್ತು ವರ್ಷ ತ್ರಿಕೋನಮಿತಿ ಹೇಳಿಕೊಟ್ಟವನು ನಾನು!

ಪ್ಯಾಕಿಂಗ್ ಮರದ ಹಲಗೆಯಲ್ಲಿ ಮಾದರಿ ಮಾಡಿದೆವು. ಪ್ರತಿ ತೂತಿನ ಹತ್ತಿರ 45 ಡಿಗ್ರಿಗೆ ಗೆರೆ ಎಳೆದು, ಮೇಜನ್ನು ಇಪ್ಪತ್ನಾಲ್ಕೂವರೆಗೆ ವಾಲಿಸಿ ಕೊರೆದದ್ದಾಯಿತು. ನಾಲ್ಕು ಕೋಲು ಸಿಕ್ಕಿಸಿ ನಿಲ್ಲಿಸಿದಾಗ ಆಚಾರ್ರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. "ಈಗಷ್ಟೇ ಹುಟ್ಟಿದ ಕರು ಎದ್ದು ನಿಲ್ಲೋಕೆ ನೋಡಿದ ಹಾಗಿದೆ" ಅಂದರು.

ಅಳೆದೆವು. ಸೀಟಿನಿಂದ 16 ಇಂಚು ಕೆಳಗೆ ಕಾಲು ಎರಡೂ ದಿಕ್ಕಿಗೆ 5 ಇಂಚು ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಹೊರಗೆ ಹೋಗಿತ್ತು. 14 ಡಿಗ್ರಿಗೆ ಹೋಗಬೇಕಾದ್ದು 4 ಇಂಚು. ಹತ್ತೂವರೆಗೆ 3 ಇಂಚು. ಎರಡೂ ಜಾಸ್ತಿಯಾಗಿತ್ತು, ಜೊತೆಗೆ ಎರಡೂ ಒಂದೇ ಆಗಿಬಿಟ್ಟಿತ್ತು. ಫೋಟೋದ ಸ್ಟೂಲಿನ ಚೆಂದವೇ ಆ ಎರಡರ ವ್ಯತ್ಯಾಸದಲ್ಲಿತ್ತು.

ಹುಡುಗನ ತಪ್ಪು ಸಹಜವಾದದ್ದು. ಡಿಗ್ರಿ ಅನ್ನೋದು ನೋಡೋಕೆ ಇಂಚಿನ ಹಾಗೇ ಕಾಣುತ್ತದೆ, ಕೂಡಿಸು ಅಂತ ಕೈ ಬೀಸಿ ಕರೆಯುತ್ತದೆ. ಒಂದೇ ದಿಕ್ಕಿಗೆ ಎರಡು ಸಲ ವಾಲಿಸಿದರೆ ಕೂಡಿಸಬಹುದು. ಇಲ್ಲಿ ಒಂದು ವಾಲಿಕೆ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಪೂರ್ವಕ್ಕೆ ನಾಲ್ಕು ಹೆಜ್ಜೆ, ಉತ್ತರಕ್ಕೆ ಮೂರು ಹೆಜ್ಜೆ ಇಟ್ಟವನು ಹೊರಟ ಜಾಗದಿಂದ ಏಳು ಹೆಜ್ಜೆ ದೂರದಲ್ಲಿ ಇರುವುದಿಲ್ಲ.

ಮಾಡಿನ ಮೂಲೆ

ದಾರಿ ತೋರಿಸಿದ್ದು ನನ್ನ ಗಣಿತ ಅಲ್ಲ. ಚಹಾ ಕುಡಿಯುತ್ತಾ ಆಚಾರ್ರು ಆ ಕರುವನ್ನು ತಲೆಕೆಳಗು ಮಾಡಿ ಬೆಂಚಿನ ಮೇಲಿಟ್ಟರು. ನಾಲ್ಕು ಕೋಲು ಮೇಲಕ್ಕೆ ಚಾಚಿಕೊಂಡವು. ಮತ್ತೆ ನೆಟ್ಟಗೆ ಇಟ್ಟರು. ಆಮೇಲೆ "ಮೇಷ್ಟ್ರೇ, ಇದು ಹೆಂಚಿನ ಮಾಡಿನ ಮೂಲೆ ಅಲ್ವಾ?" ಅಂದರು.

ಪ್ರಾಯದಲ್ಲಿ ಅವರು ಮನೆಗಳಿಗೆ ಮಾಡು ಕಟ್ಟಿದವರು. ನಾಲ್ಕೂ ಕಡೆ ಇಳಿಜಾರಿರುವ ಮಾಡಿನಲ್ಲಿ ಎರಡು ಇಳಿಜಾರು ಸೇರುವ ಮೂಲೆಗೆ ಒಂದು ದಪ್ಪ ಪಕಾಸು (ಮಾಡು ಹೊರುವ ಇಳಿಜಾರು ಮರ) ಬರುತ್ತದೆ. ಪಕ್ಕದ ಪಕಾಸುಗಳು ಗೋಡೆಗೆ ನೇರವಾಗಿ ಇಳಿಯುತ್ತವೆ. ಮೂಲೆಯದು ಓರೆಯಾಗಿ ಇಳಿಯುತ್ತದೆ. ಆಚಾರ್ರು ಸೀಮೆಸುಣ್ಣ ತಗೊಂಡು ನೆಲದ ಮೇಲೆ ಬರೆದರು. ಪಕ್ಕದ ಪಕಾಸು 12 ಇಂಚು ಹೊರಗೆ ಹೋದರೆ ಮೂಲೆಯದು 17 ಇಂಚು ಹೋಗಬೇಕು. ಇಳಿಯುವ ಎತ್ತರ ಮಾತ್ರ ಎರಡಕ್ಕೂ ಒಂದೇ. "ಮೂಲೆ ಪಕಾಸಿಗೆ ಡಿಗ್ರಿ ಯಾರು ನೋಡ್ತಾರೆ? ಎತ್ತರ ಇಷ್ಟು, ದೂರ ಇಷ್ಟು, ಅಷ್ಟೇ."

ಆ 17 ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. 12 ಮತ್ತು 12ರ ಕರ್ಣ 16.97. ಅವರಿಗೆ ಅದು ಬರೀ ಹದಿನೇಳು, ಅವರ ತಂದೆ ಹೇಳಿಕೊಟ್ಟದ್ದು. ಇಬ್ಬರೂ ಒಂದೇ ವಿಷಯ ಬೇರೆ ಬೇರೆ ಬಾಗಿಲಿನಿಂದ ನೋಡುತ್ತಿದ್ದೆವು.

ಸ್ಟೂಲಿನ ಕಾಲೂ ಮೂಲೆ ಪಕಾಸೇ. ಎತ್ತರ 16. ಉದ್ದಕ್ಕೆ 4 ಇಂಚು ಹೋಗಬೇಕು, ಅಡ್ಡಕ್ಕೆ 3 ಇಂಚು. ಹಾಗಾದರೆ ಓರೆಯಾಗಿ ಎಷ್ಟು ಹೋಗುತ್ತದೆ? ನಾನು ಬಾಯಿ ಬಿಡುವ ಮೊದಲೇ ಆಚಾರ್ರು "ಐದು" ಅಂದರು. ಪಾಯ ಹಾಕುವಾಗ ಮೂಲೆ ಸರಿಯಿದೆಯಾ ನೋಡೋಕೆ ಮೂರು, ನಾಲ್ಕು, ಐದು ಅಳೆಯುವುದು ಪ್ರತಿ ಮೇಸ್ತ್ರಿಗೂ ಗೊತ್ತಿರುವ ವಿದ್ಯೆ. ಅದೇ ಇಲ್ಲಿ ಬಂದು ಕೂತಿತ್ತು. ಅಳತೆ ಇಷ್ಟು ನೀಟಾಗಿ ಹೊಂದಿದ್ದು ನಮ್ಮ ಅದೃಷ್ಟ, ನಿಜ. ಬೇರೆ ಅಳತೆಯಾದರೂ ನೆಲದ ಮೇಲೆ ಮೂಲೆಮಟ್ಟ ಇಟ್ಟು ಎರಡು ಗೆರೆ ಎಳೆದು, ತುದಿಯಿಂದ ತುದಿಗೆ ಟೇಪು ಹಿಡಿದರೆ ಉತ್ತರ ಸಿಗುತ್ತದೆ. ಕ್ಯಾಲ್ಕುಲೇಟರ್ ಬೇಡ.

ಅಂದರೆ ಕಾಲಿನ ನಿಜವಾದ ವಾಲಿಕೆ 16ಕ್ಕೆ 5. ಡಿಗ್ರಿಯಲ್ಲಿ ಬೇಕಾದವರಿಗೆ 17.35. ಸೂತ್ರ ಬೇಕಾದವರಿಗೆ ಹೀಗಿದೆ: ಎರಡೂ ಕೋನಗಳ ಟ್ಯಾನ್ (ಹೊರಗೆ ಹೋದ ದೂರವನ್ನು ಎತ್ತರದಿಂದ ಭಾಗಿಸಿದ್ದು) ತಗೊಳ್ಳಿ, ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಿರಿ. ಅದು ನಿಜವಾದ ವಾಲಿಕೆಯ ಟ್ಯಾನ್. ನಮ್ಮಲ್ಲಿ 0.25 ಮತ್ತು 0.1875 ಹೀಗೆ ಸೇರಿ 0.3125 ಆಯಿತು. ಇಲ್ಲೊಂದು ಮೋಸ ಇದೆ. ಟ್ಯಾನ್ ಬಿಟ್ಟು ಡಿಗ್ರಿಗಳನ್ನೇ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 17.5ರ ಆಸುಪಾಸು ಬರುತ್ತದೆ. ಸರಿಯಾದ ಉತ್ತರಕ್ಕೆ ಎಷ್ಟು ಹತ್ತಿರ ಅಂದರೆ, ಇದೇ ಸೂತ್ರ ಅಂತ ನಂಬಿಬಿಡುವಷ್ಟು. ವಾಲಿಕೆ ಜಾಸ್ತಿಯಾದಾಗ ಬಣ್ಣ ಬಯಲಾಗುತ್ತದೆ. ಎರಡೂ ಕಡೆ 30 ಡಿಗ್ರಿ ಇದ್ದರೆ ಡಿಗ್ರಿಯ ಲೆಕ್ಕ 42.4 ಕೊಡುತ್ತದೆ, ನಿಜವಾದದ್ದು 39.2.

ಎರಡನೇ ಮಾದರಿ

ವಾಲಿಕೆ ಸಿಕ್ಕಿತು ಅನ್ನುವ ಖುಷಿಯಲ್ಲಿ ಎರಡನೇ ಪ್ಯಾಕಿಂಗ್ ಹಲಗೆ ಕೊರೆದೆವು. ಈ ಸಲ ಸ್ಟೂಲು ಚೆನ್ನಾಗಿಯೇ ನಿಂತಿತು. ಹುಡುಗ ಫೋಟೋ ಪಕ್ಕದಲ್ಲಿ ಹಿಡಿದು "ಆಯ್ತು" ಅಂದ. ಆಚಾರ್ರು ಸೀಟಿನ ಮೇಲೆ ಕೂತು ಹಿಂದಕ್ಕೆ ಒಂಚೂರು ಒರಗಿದರು. ಮುಂದಿನ ಎರಡು ಕಾಲು ಸುಲಭವಾಗಿ ಮೇಲೆದ್ದವು.

ಟೇಪು ಹಿಡಿದೆವು. ಪಾದದಿಂದ ಪಾದಕ್ಕೆ ಉದ್ದಕ್ಕೆ 20 ಇಂಚು ಇರಬೇಕಿತ್ತು, 21 ಇತ್ತು. ಅಡ್ಡಕ್ಕೆ 12 ಇರಬೇಕಿತ್ತು, ಹತ್ತೂವರೆ ಇತ್ತು. ವಾಲಿಕೆ ಸರಿ ಇದೆ. ಆದರೂ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಹಾಗಾದರೆ ತಪ್ಪಿದ್ದು ದಿಕ್ಕು.

ಹುಡುಗ ಮಾಡಿದ್ದು ಇಷ್ಟೇ. ಕಾಲು ಮೂಲೆ ಕಡೆಗೆ ವಾಲುತ್ತದೆ ಅಂತ ಅಂದುಕೊಂಡು, ಒಂದು ತೂತಿನಿಂದ ಎದುರು ಮೂಲೆಯ ತೂತಿಗೆ ಕರ್ಣದ ಗೆರೆ ಎಳೆದಿದ್ದ. ಆ ಗೆರೆಯ ಮೇಲೆ ಸೀಟನ್ನು ವಾಲಿಸಿ ಕೊರೆದಿದ್ದ. ಚೌಕ ಸೀಟು, ಎರಡೂ ಕಡೆ ಒಂದೇ ವಾಲಿಕೆ ಇದ್ದಿದ್ದರೆ ಅದು ಸರಿಯೇ. ನಮ್ಮದು ಚೌಕವೂ ಅಲ್ಲ, ವಾಲಿಕೆಯೂ ಒಂದೇ ಅಲ್ಲ. ಕಾಲು ಎತ್ತ ವಾಲಬೇಕು ಅನ್ನೋದನ್ನು ಸೀಟಿನ ಆಕಾರ ಹೇಳುವುದಿಲ್ಲ, ತೂತುಗಳ ಜಾಗವೂ ಹೇಳುವುದಿಲ್ಲ. ಆ 4 ಮತ್ತು 3 ಮಾತ್ರ ಹೇಳುತ್ತವೆ.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಅಪಾಯದ ಜಾಗ ಇದು. ಮೊದಲನೇ ತಪ್ಪು ಕಣ್ಣಿಗೆ ರಾಚುತ್ತದೆ, ಯಾರಾದರೂ ನಗುತ್ತಾರೆ. ಎರಡನೆಯದು ನೋಡೋಕೆ ಸರಿಯಾಗೇ ಇರುತ್ತದೆ. ಆಚಾರ್ರು ಹಿಂದಕ್ಕೆ ಒರಗಿ ನೋಡದೇ ಇದ್ದಿದ್ದರೆ ಆರೂ ಸ್ಟೂಲು ಹಾಗೇ ಹೋಗುತ್ತಿದ್ದವು.

ಸರಿಯಾದ ಗೆರೆ ಎಳೆಯುವುದು ಕಷ್ಟವಲ್ಲ. ಸೀಟಿನ ಕೆಳಮೈಯಲ್ಲಿ ತೂತಿನ ನಡುವಿನಿಂದ ಉದ್ದಕ್ಕೆ ಒಳಗಡೆ 4 ಇಂಚು, ಅಲ್ಲಿಂದ ಅಡ್ಡಕ್ಕೆ ಒಳಗಡೆ 3 ಇಂಚು ಹೋಗಿ ಒಂದು ಚುಕ್ಕೆ. ಚುಕ್ಕೆಯನ್ನೂ ತೂತಿನ ನಡುವನ್ನೂ ಸೇರಿಸಿದರೆ ಅದೇ ಗೆರೆ. ಹೊರಗಡೆ ಅಳೆಯೋಕೆ ಸೀಟು ಸಾಲುವುದಿಲ್ಲ, ಅದಕ್ಕೇ ಒಳಗಡೆ. ಗೆರೆ ಒಂದೇ. ನಮ್ಮ ಸೀಟಿನಲ್ಲಿ ಎಡಗಡೆಯ ಎರಡು ಗೆರೆಗಳು ಸೀಟಿನ ನಡುಗೆರೆಯ ಮೇಲೆ ಒಂದು ಕಡೆ ಸೇರಿದವು. ಬಲಗಡೆಯವು ಇನ್ನೊಂದು ಕಡೆ. ಎರಡು ಚುಕ್ಕೆಗಳ ನಡುವೆ 4 ಇಂಚು. ತಪ್ಪಿದ ಹಲಗೆಯಲ್ಲಿ ನಾಲ್ಕೂ ಗೆರೆ ಸೀಟಿನ ನಟ್ಟನಡುವೆ ಒಂದೇ ಚುಕ್ಕೆಯಲ್ಲಿ ಸೇರಿದ್ದವು. ಎರಡು ಹಲಗೆ ಪಕ್ಕಪಕ್ಕ ಇಟ್ಟರೆ ತಪ್ಪು ತಾನೇ ಮಾತಾಡುತ್ತಿತ್ತು.

ಇಳಿಜಾರು ಹಲಗೆ

ಡ್ರಿಲ್ಲಿನ ಮೇಜನ್ನು ವಾಲಿಸುವುದು ಬಿಟ್ಟೆವು. ಅದರ ಮೇಲಿನ ಡಿಗ್ರಿ ಗುರುತುಗಳು ತುಕ್ಕು ಹಿಡಿದಿದ್ದವು, ನಂಬುವ ಹಾಗಿರಲಿಲ್ಲ. ಅದರ ಬದಲು ಆಚಾರ್ರು ಪ್ಲೈವುಡ್ಡಿನಲ್ಲಿ ಒಂದು ಇಳಿಜಾರು ಮಾಡಿದರು. ಅಡಿಯಲ್ಲಿ 16 ಇಂಚು, ಒಂದು ತುದಿಯಲ್ಲಿ 5 ಇಂಚು ಎತ್ತರ. ಕೋನ ಅಳೆಯುವ ಮಾತೇ ಇಲ್ಲ. ಕಾಲಿಗೆ ಎಷ್ಟು ಬೇಕೋ ಅದೇ ಅಳತೆ ಮರದಲ್ಲಿ ನಿಂತಿತು. ಮೇಜು ಮಟ್ಟಸ, ಡ್ರಿಲ್ ನೆಟ್ಟಗೆ, ಸೀಟು ಮಾತ್ರ ಇಳಿಜಾರಿನ ಮೇಲೆ ಮಗುಚಿ ಮಲಗಿರುತ್ತದೆ. ಸೀಟಿನ ಗೆರೆ ಇಳಿಜಾರಿನ ಗೆರೆಯ ಜೊತೆ ನೇರ ಬರುವ ಹಾಗೆ ತಿರುಗಿಸಿಟ್ಟು ಕೊರೆಯುವುದು.

ಇಷ್ಟೆಲ್ಲ ಆದಮೇಲೆ ಹಲಸಿನ ಸೀಟು ಹಾಳಾಯಿತು. ಮೂರು ತೂತು ಸರಿಯಾಗಿ ಬಂದವು. ನಾಲ್ಕನೆಯದಕ್ಕೆ ಸೀಟು ತಿರುಗಿಸುವಾಗ ಹುಡುಗ ಮೂಲೆಯನ್ನು ತಗ್ಗಿನ ಕಡೆ ಇಟ್ಟ. ಗೆರೆ ನೇರವಾಗೇ ಇತ್ತು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕಾಲು ಹಾಕಿದಾಗ ಮೂರು ಹೊರಗೆ ವಾಲಿದವು, ಒಂದು ಒಳಗೆ. ನಾಯಿ ಕಾಲೆತ್ತಿದ ಹಾಗೆ. ಸೀಟನ್ನು ಮಗುಚಿಟ್ಟು ಕೊರೆಯುವಾಗ ಕೊರೆಯುವ ಮೂಲೆ ಯಾವಾಗಲೂ ಎತ್ತರದ ಕಡೆ ಇರಬೇಕು. ಅವತ್ತೇ ಹುಡುಗ ಇಳಿಜಾರಿನ ಎತ್ತರದ ಅಂಚಿಗೆ ಕೆಂಪು ಪೇಂಟು ಬಳಿದ. ಪ್ರತಿ ಸೀಟಿನ ಕೆಳಮೈಯಲ್ಲಿ ಗೆರೆಯ ಹೊರತುದಿಗೆ ಬಾಣದ ಗುರುತೂ ಹಾಕಿದ. ಬಾಣ ಕೆಂಪಿನ ಕಡೆ. ಆಮೇಲೆ ಒಂದು ತೂತೂ ತಪ್ಪಲಿಲ್ಲ.

ಸೀಟಿನ ದಪ್ಪದ ವಿಷಯ ಬೇರೆ ಇದೆ. ತೂತು ಓರೆಯಾಗಿ ಹೋಗುವುದರಿಂದ ಒಂದೂವರೆ ಇಂಚು ದಪ್ಪದಲ್ಲಿ ಅದು ಸುಮಾರು ಅರ್ಧ ಇಂಚು ಒಳಗೆ ಸರಿಯುತ್ತದೆ. ಕೆಳಮೈಯಲ್ಲಿ ತೂತುಗಳ ನಡುವೆ 12 ಇದ್ದದ್ದು ಮೇಲ್ಮೈಗೆ ಬರುವಾಗ 11 ಇಂಚು ಎರಡು ನೂಲು. ಗುರುತು ಕೆಳಗೆ ಹಾಕಿದರೆ ಕೆಳಗಿನಿಂದಲೇ ಕೊರೆಯಬೇಕು. ಡ್ರಿಲ್ಲಿನ ಬಿಟ್ ಮೇಲ್ಮೈ ತೂರಿ ಹೊರಬರುವ ಕಡೆ ಮರ ಸಿಗಿಯದ ಹಾಗೆ ಒಂದು ಹಾಳು ಹಲಗೆ ಒತ್ತಿ ಹಿಡಿದಿದ್ದೆವು.

ಉಳಿದದ್ದು ಆಚಾರ್ರಿಗೆ ಗೊತ್ತಿದ್ದ ಕೆಲಸ. ಕಾಲಿನ ಮೇಲ್ತುದಿಯಲ್ಲಿ ಸೀಳು ಹಾಕಿ, ಆ ಸೀಳು ಸೀಟಿನ ನಾರಿಗೆ ಅಡ್ಡ ಬರುವ ಹಾಗೆ ಕೂರಿಸಿ ಬೆಣೆ ಹೊಡೆದರು. ನಾರಿನ ಜೊತೆಗೇ ಹೊಡೆದರೆ ಸೀಟು ಸೀಳುತ್ತದೆ. ಕಾಲಿನ ಉದ್ದ ಲೆಕ್ಕಕ್ಕೆ 16 ಇಂಚು 6 ನೂಲು ಬರುತ್ತಿತ್ತು. ಆದರೂ ಪಾದವನ್ನು ಲೆಕ್ಕ ಹಾಕಿ ಕತ್ತರಿಸಲಿಲ್ಲ. ಕಾಲನ್ನು ಉದ್ದವಾಗೇ ಬಿಟ್ಟು, ಸ್ಟೂಲನ್ನು ಗ್ರಾನೈಟ್ ಹಲಗೆಯ ಮೇಲೆ ನಿಲ್ಲಿಸಿ, ರಸಮಟ್ಟ ನೋಡಿ, ಅಡಿಗೆ ಚಕ್ಕೆ ಕೊಟ್ಟು ಸೀಟನ್ನು ಮಟ್ಟಸ ಮಾಡಿದರು. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ಹಿಡಿದು ನಾಲ್ಕು ಪಾದದ ಸುತ್ತಲೂ ಗೆರೆ ಎಳೆದರು. ಗೆರೆಗೆ ಗರಗಸ. ಈ ಜಾಗದಲ್ಲಿ ಲೆಕ್ಕಕ್ಕಿಂತ ಗ್ರಾನೈಟೇ ನಂಬಿಕಸ್ತ.

ಆರು ಸ್ಟೂಲೂ ಹೋದವು. ಪಾದದ ಅಳತೆ 20ಕ್ಕೆ 12, ಹೆಚ್ಚೆಂದರೆ ಒಂದು ನೂಲು ಆಚೀಚೆ. ಗಿರಾಕಿ ಬೆಣೆಯ ಬಣ್ಣದ ಬಗ್ಗೆ ಮಾತ್ರ ಮಾತಾಡಿದರು.

ಟೀಪಾಯಿ

ಎರಡು ತಿಂಗಳ ಮೇಲೆ ಅದೇ ಗಿರಾಕಿಗೆ ಚೌಕದ ಟೀಪಾಯಿ ಬೇಕಾಯಿತು. ವಾಲಿದ ಕಾಲೇ, ಆದರೆ ಈಗ 2 ಇಂಚಿನ ಚೌಕ ಕಾಲು. ಮೇಲ್ಹಲಗೆಯ ಕೆಳಗೆ ಕಾಲಿಂದ ಕಾಲಿಗೆ ಒಂದಿಂಚು ದಪ್ಪದ ಪಟ್ಟಿ. ಪಟ್ಟಿಯೂ ಕಾಲಿನ ಜೊತೆಗೇ ವಾಲಿ, ಹೊರಮೈ ಎರಡೂ ಒಂದೇ ಸಮ ಕಾಣಬೇಕು. ವಾಲಿಕೆ ಎರಡೂ ಕಡೆ ಒಂದೇ, ಒಂದು ಅಡಿ ಎತ್ತರಕ್ಕೆ 2 ಇಂಚು. ನಾವು ಪಳಗಿದವರು ಅಂದುಕೊಂಡಿದ್ದೆವು.

ಗೋಂದು ಹಾಕದೆ ಸುಮ್ನೆ ಜೋಡಿಸಿ ನೋಡಿದಾಗ ಎಂಟು ಜಾಗದಲ್ಲೂ ಕಪ್ಪು ಗೆರೆ ಕಂಡಿತು. ಪಟ್ಟಿಯ ತುದಿ ಕಾಲಿಗೆ ಒಳಗಡೆ ಬಿಗಿಯಾಗಿ ತಾಗಿದೆ, ಹೊರಗಡೆ ಸಂದು. ಹುಡುಗ ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ತೂರಿಸಿದ. ಹೋಯಿತು.

ಮೊದಲು ಅನುಮಾನ ಬಂದದ್ದು ಪಟ್ಟಿಯ ತುದಿ ಕತ್ತರಿಸಿದ ಕೋನದ ಮೇಲೆ. ಅಡಿಗೆ 2 ಇಂಚು ಅಂದರೆ 9.46 ಡಿಗ್ರಿ. ಪಟ್ಟಿಯೇ ವಾಲಿರುವುದರಿಂದ ಅದರ ಮೈಮೇಲೆ ನಿಜವಾಗಿ ಬೇಕಾದದ್ದು 9.34. ವ್ಯತ್ಯಾಸ ಇದೆ, ಆದರೆ ಅದರಿಂದ ಸಂದು ಬಂದಿದ್ದರೆ ಮೇಲೆ ಅಥವಾ ಕೆಳಗೆ ಬಾಯಿ ಬಿಡಬೇಕಿತ್ತು. ನಮ್ಮ ಸಂದು ಮೇಲಿಂದ ಕೆಳಗಿನವರೆಗೂ ಒಂದೇ ಸಮ ಇತ್ತು. ವ್ಯತ್ಯಾಸ ಇದ್ದದ್ದು ಒಳಗಡೆಗೂ ಹೊರಗಡೆಗೂ ನಡುವೆ. ಪಟ್ಟಿಯನ್ನು ಮತ್ತೆ ಮತ್ತೆ ಕತ್ತರಿಸಿ ಗಿಡ್ಡ ಮಾಡಿಕೊಳ್ಳುವ ಮೊದಲು ಇದನ್ನು ಗಮನಿಸಿದ್ದು ಒಳ್ಳೆಯದಾಯಿತು.

ಆಚಾರ್ರು ಮಾತಾಡದೆ ಒಂದು ಕಾಲಿನ ಪಾದ ಕತ್ತರಿಸಿದ ತುಂಡು ಎತ್ತಿಕೊಂಡರು. ಕತ್ತರಿಸಿದ ಮೈ ನೆಲಕ್ಕೆ ಸಮವಾಗಿದ್ದದ್ದು. ಅದರ ಮೇಲೆ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರು. ಬೆಳಕು ತೂರಿತು. ಕಾಲು ಚೌಕವೇ, ಆದರೆ ಓರೆಯಾಗಿ ಕತ್ತರಿಸಿದ ಮೈ ಚೌಕವಲ್ಲ. ಇಸ್ಪೀಟಿನ ಡೈಮಂಡ್ ಹಾಗೆ ಒಂದು ಕಡೆಗೆ ಎಳೆದುಕೊಂಡಿತ್ತು. ಎರಡು ಮೂಲೆ 88 ಡಿಗ್ರಿ ಚಿಲ್ಲರೆ, ಇನ್ನೆರಡು 91 ಡಿಗ್ರಿ ಚಿಲ್ಲರೆ. ಪಟ್ಟಿಗಳು ಮಾತ್ರ ಒಂದಕ್ಕೊಂದು 90ಕ್ಕೇ ನಿಲ್ಲಬೇಕು, ಯಾಕಂದರೆ ಟೀಪಾಯಿ ಚೌಕ. ಆ ಒಂದೂವರೆ ಡಿಗ್ರಿಯನ್ನು ಎರಡು ಪಟ್ಟಿಗಳು ಹಂಚಿಕೊಂಡಿದ್ದವು. ಮುಕ್ಕಾಲು ಡಿಗ್ರಿ, ಒಂದಿಂಚು ದಪ್ಪದಲ್ಲಿ ಮಿಲಿಮೀಟರಿನ ಮೂರನೇ ಒಂದು ಭಾಗ. ವಿಸಿಟಿಂಗ್ ಕಾರ್ಡಿನಷ್ಟು.

ಆ ಟೀಪಾಯಿಗೆ ಕಾಲು ಆಗಲೇ ತಯಾರಾಗಿದ್ದವು. ಹಾಗಾಗಿ ಪಟ್ಟಿಯ ತುದಿಯನ್ನು ಒಳಗಡೆಯಿಂದ ಉಳಿಯಲ್ಲಿ ಕೂದಲೆಳೆಯಷ್ಟು ಕೆರೆದು ಹೊರಗಡೆ ತಾಗುವ ಹಾಗೆ ಮಾಡಿದೆವು. ಗೋಂದು ಒಣಗಿದ ಮೇಲೆ ಕಾಲಿನ ಹೊರಮೈಯನ್ನು ಮರ ಹೆರೆದು ನಯ ಮಾಡುವ ತೋಪಡದಿಂದ ಎಳೆದು ಪಟ್ಟಿಗೆ ಸಮ ಮಾಡಿದರು. ಕೆಲಸ ಮುಚ್ಚಿಹೋಯಿತು, ಆದರೆ ಆಚಾರ್ರಿಗೆ ಸಮಾಧಾನ ಆಗಲಿಲ್ಲ. ಮುಂದಿನದಕ್ಕೆ ಕಾಲನ್ನೇ ಮೊದಲು ಡೈಮಂಡ್ ಮಾಡಿಕೊಂಡರೆ ಹೇಗೆ ಅಂತ ಕೇಳಿದರು. ಎಷ್ಟು ಡಿಗ್ರಿಗೆ?

ಆ ರಾತ್ರಿ ಮನೆಯಲ್ಲಿ ಲೆಕ್ಕ ಹಾಕಿದೆ. ಕಾಲಿನ ಹೊರಮೂಲೆ 91.55 ಡಿಗ್ರಿ ಇರಬೇಕು ಅಂತ ಬಂತು. ಪಾದದ ತುಂಡಿನ ಅಗಲವಾದ ಮೂಲೆ ಎಷ್ಟು ಅಂತ ಬೇರೆಯಾಗಿ ಲೆಕ್ಕ ಹಾಕಿದೆ. 91.55. ಎಲ್ಲೋ ಎಡವಿದೆ ಅಂತ ಅಕ್ಷರ ಹಾಕಿ ಬಿಡಿಸಿದೆ. ಎರಡೂ ಕಡೆ ಒಂದೇ ವಾಲಿಕೆ ಇದ್ದಾಗ ಎರಡೂ ಯಾವಾಗಲೂ ಒಂದೇ. ಚೌಕ ಕಾಲನ್ನು ಓರೆಯಾಗಿ ಕತ್ತರಿಸಿದಾಗ ಹೊರಮೂಲೆ ಎಷ್ಟು ಚೂಪಾಗುತ್ತದೋ, ಸರಿಯಾದ ಕಾಲಿನಲ್ಲಿ ಅದೇ ಮೂಲೆ ಅಷ್ಟೇ ಅಗಲವಾಗಿರಬೇಕು.

ಬೆಳಿಗ್ಗೆ ಹೋಗಿ ಹೇಳಿದೆ. ಆಚಾರ್ರು ಪಾದದ ತುಂಡಿನ ಅಗಲವಾದ ಮೂಲೆಗೆ ಬೆವೆಲ್ (ಬೇಕಾದ ಕೋನಕ್ಕೆ ತಿರುಗಿಸಿ ಬಿಗಿ ಮಾಡುವ ಮೂಲೆಮಟ್ಟ) ಹಿಡಿದು ಸ್ಕ್ರೂ ಬಿಗಿ ಮಾಡಿದರು. ಅದೇ ಬೆವೆಲ್ ಇಟ್ಟುಕೊಂಡು ಹೊಸ ಕಾಲಿನ ಹೊರಮೂಲೆಗೆ ತೋಪಡ ಹಿಡಿದರು. ನಾನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದ 91.55 ಅನ್ನು ಯಾರೂ ಕೇಳಲಿಲ್ಲ. ಎರಡನೇ ಟೀಪಾಯಿಯ ಎಂಟು ಸಂದಿಗೂ ಹುಡುಗ ಅದೇ ವಿಸಿಟಿಂಗ್ ಕಾರ್ಡ್ ಒತ್ತಿ ನೋಡಿದ. ಏಳರಲ್ಲಿ ಹೋಗಲಿಲ್ಲ. ಎಂಟನೆಯದರಲ್ಲಿ ಮೂಲೆ ಮಾತ್ರ ಒಂಚೂರು ಹೋಯಿತು. ಅದು ಗೋಡೆ ಕಡೆ ಬರುವ ಕಾಲು ಅಂತ ಆಚಾರ್ರು ಆಗಲೇ ತೀರ್ಮಾನ ಮಾಡಿದ್ದರು.